ಬೆಟ್ಟದ ಪಾದ್ರಿಯ ಮೂವತ್ತು ಪೂಜೆಗಳು

ನವೆಂಬರ್ 3, ಗುರುವಾರ

ಎಂಟಕ್ಕೆ ಐದು ನಿಮಿಷವಿರುವಾಗ ಪೋಪರ ಊರಿನ ಸಂತ ಅನ್ನಾ ಗೇಟು ದಾಟಿದೆ. ಸ್ವಿಸ್ ಕಾವಲುಗಾರ ಹೊಸಬ. ಪಾಸನ್ನು ಎರಡು ಸಲ ತಿರುಗಿಸಿ ನೋಡಿದ. ಇಪ್ಪತ್ತೊಂದು ವರ್ಷದಿಂದ ಇದೇ ಗೇಟು, ಆದರೂ ಸಿಟ್ಟು ಬರಲಿಲ್ಲ. ಅನುಮಾನ ಪಡುವವರನ್ನು ಕಂಡರೆ ಒಳಗೊಳಗೇ ಇಷ್ಟ ನನಗೆ.

ನಿನ್ನೆ ಸತ್ತವರ ದಿನ, ರಜೆ. ಪ್ರಿಮಾ ಪೋರ್ತಾ ಸ್ಮಶಾನಕ್ಕೆ ಹೋಗಿ ಅಪ್ಪನಿಗೆ ಸೇವಂತಿಗೆ ಇಟ್ಟು ಬಂದೆ. ಅಪ್ಪ ಹೋಗಿ ಎರಡು ವರ್ಷ. ಒಂದು ಸಮಾಧಾನ — ಮೂವತ್ತು ಪೂಜೆ ಹೇಳಿಸಿದ್ದೇನೆ. ಒಬ್ಬ ಪಾದ್ರಿ, ಒಂದೇ ಆತ್ಮಕ್ಕೆ, ಮೂವತ್ತು ದಿನ, ನಡುವೆ ಒಂದು ದಿನವೂ ತಪ್ಪದ ಹಾಗೆ. ಮೂವತ್ತು ಮುಗಿದರೆ ಆತ್ಮ ಸ್ವರ್ಗ ಸೇರುತ್ತದೆ ಎಂದು ನಂಬಿಕೆ. ನಾನೂರ ಐವತ್ತು ಯೂರೋ. ಬದುಕಿನಲ್ಲಿ ರಸೀದಿ ಕೇಳದೆ ಕೊಟ್ಟ ದುಡ್ಡು ಅದೊಂದೇ ಇರಬೇಕು.

ಆಫೀಸಿನಲ್ಲಿ ಲಿವಿಯೊ ಆಗಲೇ ಬಂದು ಕೂತಿದ್ದ. ಮಿಲಾನಿನ ದೊಡ್ಡ ಬ್ಯಾಂಕಿನಿಂದ ಮೂರು ವರ್ಷದ ಹಿಂದೆ ಬಂದವನು. ರೋಮಿನವರೆಲ್ಲ ಸೋಮಾರಿಗಳು ಎಂದು ನಂಬಿರುವ ಜಾತಿ.

"ರಜಾ ಮುಗೀತಾ? ಇನ್ನೆಷ್ಟು ಸಂತರು ಬಾಕಿ ಇದಾರೆ ಈ ತಿಂಗಳು?"

"ನಿಮ್ಮ ಊರಲ್ಲಿ ಸಂತರೇ ಇಲ್ವಲ್ಲ, ಹೊಟ್ಟೆಕಿಚ್ಚು ಬಿಡಿ."

ಪೋಪರ ಊರಿನಲ್ಲಿ ಓಡಾಡುವ ದುಡ್ಡಿನ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ಸಾಫ್ಟ್‌ವೇರ್ ಹತ್ತು ಸಾವಿರದ ಮೇಲಿನದ್ದನ್ನು ಕಂಡರೆ ಮಾತ್ರ ಬೊಗಳುತ್ತದೆ. ಅದರ ಕೆಳಗಿನದು ನನ್ನ ಪಾಲು. ನವೆಂಬರಿನಲ್ಲಿ ಸತ್ತವರ ಪೂಜೆಗೆಂದು ಜಗತ್ತಿನ ಎಲ್ಲ ಕಡೆಯಿಂದ ಕಾಣಿಕೆ ಬರುತ್ತದೆ. ಅದನ್ನು ಪಡೆದು ಬಡ ಪಾದ್ರಿಗಳಿಗೆ ಹಂಚುವ ಸಂತ ಎಮೆರೆಂಜಿಯಾನಾ ನಿಧಿಯ ಕಡತ ಈ ಸಲ ನನಗೆ ಬಂದಿದೆ. ಸಣ್ಣ ನಿಧಿ. ಎರಡು ದಿನದ ಕೆಲಸ.

ನವೆಂಬರ್ 4, ಶುಕ್ರವಾರ

ಎರಡು ದಿನದ ಕೆಲಸವಲ್ಲ.

ನಿಧಿ ಪ್ರತಿ ಪಾವತಿಯ ಜೊತೆ ಒಂದು ಸಾಲು ಬರೆಯುತ್ತದೆ. "30 — ದಿವಂಗತ ಹೆಲ್ಗಾ ಕೆ." "30 — ದಿವಂಗತ ಪ್ಯಾಟ್ರಿಕ್ ಒ." ಆಫ್ರಿಕಾ, ಭಾರತ, ಪೆರು, ಎಲ್ಲ ಕಡೆಯ ಪಾದ್ರಿಗಳಿಗೆ ಒಂದೊಂದು ಮೂವತ್ತು. ಸರಿಯಾಗಿದೆ. ರಿಯೇತಿಯ ಆಚೆ ಬೆಟ್ಟದ ಹಳ್ಳಿಯೊಂದರ ಪಾದ್ರಿ, ಡಾನ್ ಸವೇರಿಯೊ ಎಂಬವರಿಗೆ ಅಕ್ಟೋಬರಿನಲ್ಲಿ ಹದಿನಾಲ್ಕು ಮೂವತ್ತು. ಒಂದೇ ತಿಂಗಳಲ್ಲಿ.

ಲಿವಿಯೊಗೆ ತೋರಿಸಿದೆ.

"ಆರು ಸಾವಿರದ ಮುನ್ನೂರು. ಮಿತಿಯ ಒಳಗಿದೆಯಲ್ಲ. ಏನು ತೊಂದರೆ?"

"ಪಾದ್ರಿ ದಿನಕ್ಕೆ ಎಷ್ಟು ಪೂಜೆಯ ಕಾಣಿಕೆ ಇಟ್ಕೋಬಹುದು?"

"ನನಗೇನು ಗೊತ್ತು. ಶಕ್ತಿ ಇದ್ದಷ್ಟು."

"ಒಂದು. ತಿಂಗಳಿಗೆ ಮೂವತ್ತು. ಅಂದ್ರೆ ಒಬ್ಬ ಸತ್ತವನಿಗೆ ಮಾತ್ರ. ಈ ಮನುಷ್ಯ ಒಂದು ತಿಂಗಳಲ್ಲಿ ಹದಿನಾಲ್ಕು ತಿಂಗಳು ಬದುಕಿದಾನೆ."

ಲಿವಿಯೊ ಕನ್ನಡಕ ತೆಗೆದು ಒರೆಸಿದ. ಅವನ ಮಿಲಾನಿನ ಬ್ಯಾಂಕಿನಲ್ಲಿ ಇಂಥದ್ದನ್ನು ಹೇಳಿಕೊಟ್ಟಿರಲಾರರು. ನಾನು ಪೋಪರ ದೊಡ್ಡ ಚರ್ಚಾದ ಸಂತ ಪೀಟರ್ ಬಸಿಲಿಕಾದ ಕೆಲಸಗಾರನ ಮಗಳು. ಈ ಲೆಕ್ಕ ನನಗೆ ಏಳನೆಯ ವಯಸ್ಸಿಗೇ ಗೊತ್ತಿತ್ತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮನೆಗೆ ಬರುವಾಗ ನನಗೇ ಒಂದು ಕೆನೆ ಬನ್ನು ಕೊಡಿಸಿಕೊಂಡೆ.

ನವೆಂಬರ್ 7, ಸೋಮವಾರ

ಡಾನ್ ಸವೇರಿಯೊ ಖಾತೆಯ ಕಾಗದ ಬ್ಯಾಂಕಿನಿಂದ ಬಂತು. ದುಡ್ಡು ಬರುತ್ತದೆ. ಪ್ರತಿ ತಿಂಗಳ ಮೊದಲ ಮಂಗಳವಾರ ಪೂರ್ತಿ ನಗದಾಗಿ ಹೋಗುತ್ತದೆ. ತೆಗೆಯುವವರು ಅವರಲ್ಲ. ಅವರ ಪರವಾಗಿ ಸಹಿ ಮಾಡುವ ಅಧಿಕಾರ ಇರುವವರು.

ಮೊನ್ಸಿನ್ಯೋರ್ ಗಾಸ್ಪಾರೆ. ನಿಧಿಯ ಕಾರ್ಯದರ್ಶಿಯೂ ಅವರೇ.

ಕಾಗದ ಮಡಚಿ ಇಟ್ಟೆ. ಮತ್ತೆ ಬಿಚ್ಚಿದೆ.

ಮೊನ್ಸಿನ್ಯೋರ್ ಎಂಬ ಹಿರಿಯ ಪಾದ್ರಿಗಳ ಬಿರುದು ಸಿಗುವ ಮೊದಲು ಬಸಿಲಿಕಾ ಕೆಲಸಗಾರರ ಗುರುಗಳಾಗಿದ್ದವರು ಅವರು. ಅಪ್ಪ ಅಮ್ಮನ ಮದುವೆ ಮಾಡಿಸಿದವರು. ನನಗೆ ಜಪಮಾಲೆ ಹಿಡಿಯಲು ಕಲಿಸಿದವರು. ಈ ಆಫೀಸಿಗೆ ಟೈಪಿಸ್ಟ್ ಆಗಿ ಸೇರಿದ್ದು ಅವರು ಬರೆದುಕೊಟ್ಟ ಚೀಟಿಯಿಂದ. ಇಲ್ಲಿ ಎಲ್ಲರೂ ಯಾರದ್ದೋ ಚೀಟಿ ಹಿಡಿದೇ ಬಂದವರು.

ಅಪ್ಪನ ನಾನೂರ ಐವತ್ತು ಕೊಟ್ಟಿದ್ದೂ ಅವರ ಕೈಗೇ. "ಬೆಟ್ಟದ ಮೇಲೆ ಒಬ್ಬ ಒಳ್ಳೆ ಪಾದ್ರಿ ಇದಾನೆ ಮಗಳೇ, ಅವನ ಹತ್ರ ಹೇಳಿಸ್ತೀನಿ" ಅಂದಿದ್ದರು. ಬೆಟ್ಟಗಳು ಬಹಳ ಇವೆ. ಪಾದ್ರಿಗಳೂ.

ಲಿವಿಯೊ ಕೇಳಿದ: "ಯಾರ ಸಹಿ?"

"ಇನ್ನೂ ನೋಡ್ಬೇಕು," ಅಂದೆ. ಇಪ್ಪತ್ತೊಂದು ವರ್ಷದಲ್ಲಿ ಆಫೀಸಿನೊಳಗೆ ಹೇಳಿದ ಮೊದಲ ಸುಳ್ಳು. ಎಷ್ಟು ಸಲೀಸಾಗಿ ಬಂತು.

ನವೆಂಬರ್ 13, ಭಾನುವಾರ

ನಿಯಮದ ಪ್ರಕಾರ ಆ ಹಳ್ಳಿಯ ಬಿಷಪ್ಪರಿಗೆ ಪತ್ರ ಬರೆಯಬೇಕು. ಉತ್ತರ ಬರಲು ಮೂರು ತಿಂಗಳು. ಕಾಯದೆ ನೀಲಿ ಬಸ್ಸಿನಲ್ಲಿ ನಾನೇ ಹೋದೆ. ರಿಯೇತಿಯಲ್ಲಿ ಇನ್ನೊಂದು ಬಸ್ಸು.

ಚರ್ಚಿಗೆ ಬೀಗ. ಪಕ್ಕದ ಮನೆಯ ಹೆಂಗಸು ಅಂಗಳದಲ್ಲಿ ಚೆಸ್ಟ್‌ನಟ್ ಸುಲಿಯುತ್ತಿದ್ದಳು. ಡಾನ್ ಸವೇರಿಯೊ ಎಲ್ಲಿ ಸಿಗುತ್ತಾರೆ ಎಂದು ಕೇಳಿದೆ.

"ಮೇಲೆ. ಬನ್ನಿ, ತೋರಿಸ್ತೀನಿ."

ಬೆಟ್ಟದ ಮೇಲಿನ ಚಾಪೆಲ್ಲು ಅಂದುಕೊಂಡೆ. ಆಕೆ ಕರೆದುಕೊಂಡು ಹೋದದ್ದು ಸ್ಮಶಾನಕ್ಕೆ. ಕಲ್ಲಿನ ಮೇಲೆ ಫೋಟೋ. ದಪ್ಪ ಹುಬ್ಬಿನ, ನಗುಮುಖದ ಮುದುಕ. ತೀರಿಕೊಂಡು ನಾಲ್ಕು ವರ್ಷ. ಕಲ್ಲಿನ ಮುಂದೆ ತಾಜಾ ಹೂವು.

"ಇವರಿಗೆ ಯಾರಾದ್ರೂ ಇದ್ರಾ?"

"ಯಾರೂ ಇಲ್ಲ ಪಾಪ. ರೋಮಿನಲ್ಲಿ ಒಬ್ಬರು ಸ್ನೇಹಿತರು ಇದಾರೆ, ಅವರೂ ಪಾದ್ರಿನೇ. ತಿಂಗಳು ತಿಂಗಳು ಮುನ್ನೂರು ಕಳಿಸ್ತಾರೆ ನೋಡಿ. ಹೂವಿಗೆ, ಚರ್ಚಿನ ಹೀಟರಿಗೆ. ಒಂದು ತಿಂಗಳೂ ತಪ್ಪಿಸಿಲ್ಲ."

"ನಿಮಗೂ ಕೊಡ್ತಾರಾ?"

ಆಕೆ ನನ್ನನ್ನೇ ನೋಡಿದಳು. "ನೀವು ತೆರಿಗೆಯವರಾ?"

ಅಲ್ಲ ಅಂದೆ. ನಂಬಲಿಲ್ಲ. ಆದರೂ ಒಂದು ಕಾಗದದ ಪೊಟ್ಟಣದಲ್ಲಿ ಚೆಸ್ಟ್‌ನಟ್ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸತ್ತವನೊಬ್ಬ ನಾಲ್ಕು ವರ್ಷದಿಂದ ಸತ್ತವರಿಗಾಗಿ ಪೂಜೆ ಹೇಳುತ್ತಿದ್ದಾನೆ. ಅಪ್ಪ ಹೋಗಿ ಎರಡು.

ಆ ಲೆಕ್ಕವನ್ನು ಮುಂದುವರಿಸಲಿಲ್ಲ.

ನವೆಂಬರ್ 14, ಸೋಮವಾರ

ಡೈರೆಕ್ಟರ್ ಮೇಡಂಗೆ ಹೇಳಬೇಕಿತ್ತು. ಹೇಳಲಿಲ್ಲ. ಆಧಾರ ಸಾಲದು ಎಂದು ನನಗೇ ಹೇಳಿಕೊಂಡೆ. ಮೊನ್ಸಿನ್ಯೋರ್ ಆ ನಗದನ್ನು ಎಲ್ಲಿಗೆ ಒಯ್ಯುತ್ತಾರೆ? ಹೆಣ್ಣು? ಜೂಜು? ತಮ್ಮನ ಮಗ? ಎಂಬತ್ತರ ಹತ್ತಿರದ ಮನುಷ್ಯನಿಗೆ ಹೆಣ್ಣು ಅಂತ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ಹೊಸ ಬೂಟು ಹಾಕಿದ್ದನ್ನು ನಾನು ನೋಡಿಲ್ಲ. ಮೊಣಕೈ ಸವೆದ ಅದೇ ಕೋಟು. ಅದೂ ಅನುಮಾನವೇ, ಅಷ್ಟು ಹಳೆ ಕೋಟು ಯಾಕೆ ಹಾಕಬೇಕು.

ನನ್ನ ಮೇಜಿನ ಮೇಲಿದ್ದ ಕಡತ ಸ್ವಲ್ಪ ಎಡಕ್ಕೆ ಸರಿದಿತ್ತು. ಲಿವಿಯೊ ಮುಟ್ಟಿದ್ದಾನೆ. ಅಥವಾ ಕಸ ಗುಡಿಸುವವಳು. ಇನ್ನು ಮೇಲೆ ಬೀಗ.

ನವೆಂಬರ್ 19, ಶನಿವಾರ

ಅಮ್ಮನನ್ನು ನೋಡಲು ಹೋಗಿದ್ದೆ. ಔರೇಲಿಯಾ ರಸ್ತೆಯ ಮೇಲೆ ಸಿಸ್ಟರುಗಳು ನಡೆಸುವ ಮುದುಕರ ಮನೆ. ಎರಡು ವರ್ಷದಿಂದ ಅಮ್ಮ ಅಲ್ಲೇ. ಕಿಟಕಿಯಿಂದ ಬಸಿಲಿಕಾದ ಗುಮ್ಮಟ ಕಾಣುತ್ತದೆ. ಅಪ್ಪ ಅದೇ ಗುಮ್ಮಟದ ಒಳಗೆ ಹಗ್ಗ ಕಟ್ಟಿಕೊಂಡು ಮೂವತ್ತೆಂಟು ವರ್ಷ ಧೂಳು ಒರೆಸಿದ.

ಅಮ್ಮನ ಡ್ರಾಯರಿನಲ್ಲಿ ನಿಂಬೆಹುಳಿ ಪೆಪ್ಪರಮೆಂಟಿನ ರಾಶಿ.

"ಯಾರು ಕೊಟ್ರು ಇಷ್ಟೊಂದು?"

"ಡಾನ್ ಗಾಸ್ಪಾರೆ. ತಿಂಗಳ ಮೊದಲನೇ ಮಂಗಳವಾರ ಬರ್ತಾರಲ್ಲ. ಸಿಸ್ಟರ್ ರೂಮಿಗೆ ಹೋಗಿ ಲಕೋಟೆ ಕೊಟ್ಟು, ಆಮೇಲೆ ನಮ್ಮ ಆರು ಜನಕ್ಕೂ ಪೆಪ್ಪರಮೆಂಟು. ಹಲ್ಲಿಲ್ಲ ಅಂದ್ರೂ ಕೇಳಲ್ಲ."

ಆರು ಜನ ಯಾರ್ಯಾರು ಎಂದು ಕೇಳಿದೆ. ಎಲ್ಲ ಬಸಿಲಿಕಾ ಕೆಲಸಗಾರರ ವಿಧವೆಯರು.

ನೇರವಾಗಿ ಸಿಸ್ಟರ್ ಜೆನೊವೆಫಾ ಕೋಣೆಗೆ ಹೋದೆ. ಅಮ್ಮನ ಹಾಸಿಗೆಗೆ ನಾನು ತಿಂಗಳಿಗೆ ಒಂಬೈನೂರು ಕೊಡುತ್ತೇನೆ. ಕೆಲಸಗಾರರ ಹೆಂಡತಿಯರಿಗೆ ರಿಯಾಯಿತಿ ಎಂದು ಎರಡು ವರ್ಷದ ಹಿಂದೆ ಹೇಳಿದ್ದರು. ನಿಜವಾದ ಫೀಸು ಎಷ್ಟು ಎಂದು ಕೇಳಿದೆ.

"ಸಾವಿರದ ಒಂಬೈನೂರು."

"ಉಳಿದ ಸಾವಿರ?"

ಸಿಸ್ಟರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಮೊನ್ಸಿನ್ಯೋರ್ ಕಟ್ತಾರೆ. ಆರು ಜನಕ್ಕೂ. ದಾನಿಗಳು ಇದಾರೆ ಅಂತಾರೆ. ಎರಡು ವರ್ಷದಲ್ಲಿ ನೀವು ಯಾವತ್ತೂ ಕೇಳ್ಲಿಲ್ಲ ಸಬೀನಾ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಆರು ಸಾವಿರ. ಹೂವಿಗೆ, ಹೀಟರಿಗೆ ಮುನ್ನೂರು. ಒಂದು ಯೂರೋ ಕೂಡ ಅವರ ಕೋಟಿನ ಜೇಬಿನಲ್ಲಿ ಉಳಿದಿಲ್ಲ. ಯಾರನ್ನು ಕಂಡರೂ ಅನುಮಾನ ಪಡುವುದಕ್ಕೆ ನನಗೆ ಸಂಬಳ. ನನ್ನ ಮನೆಗೆ ತಿಂಗಳಿಗೆ ಸಾವಿರ ಬಿಟ್ಟಿ ಬರುತ್ತಿದ್ದಾಗ ಮಾತ್ರ ಒಂದು ಪ್ರಶ್ನೆಯೂ ಏಳಲಿಲ್ಲ.

ನವೆಂಬರ್ 28, ಸೋಮವಾರ

ಒಂಬತ್ತು ದಿನ ಬರೆದಿಲ್ಲ. ಜ್ವರ ಎಂದು ನಾಲ್ಕು ದಿನ ರಜೆ ಹಾಕಿದೆ. ಜ್ವರ ಇರಲಿಲ್ಲ.

ಇವತ್ತು ಎರಡು ವರ್ಷದ ಹಿಂದಿನ ಪಟ್ಟಿ ತೆರೆದೆ. ಅಪ್ಪ ತೀರಿಕೊಂಡ ತಿಂಗಳು. ಒಂಬತ್ತನೆಯ ಸಾಲು ಅಪ್ಪನದು.

"30 — ದಿವಂಗತ ಓರೆಸ್ತೆ ಚೆ." ಪಡೆದವರು: ಡಾನ್ ಸವೇರಿಯೊ.

ಒಂದೂ ಹೇಳಿಸಿಲ್ಲ. ಮೂವತ್ತರಲ್ಲಿ ಒಂದೂ ಇಲ್ಲ. ಆ ತಿಂಗಳು ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುವಾಗ ಇವತ್ತು ಏಳು, ಇವತ್ತು ಎಂಟು ಎಂದು ಬೆರಳು ಮಡಚುತ್ತಿದ್ದೆ. ಮೂವತ್ತನೆಯ ದಿನ ಅಮ್ಮನಿಗೆ ಫೋನ್ ಮಾಡಿ "ಅಪ್ಪ ಸ್ವರ್ಗ ಸೇರಿದ" ಅಂದಿದ್ದೆ. ಇಬ್ಬರೂ ಅತ್ತಿದ್ದೆವು.

ಕದ್ದು ತಿಂದಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು. ಈ ಮುದುಕನನ್ನು ದ್ವೇಷಿಸಲೂ ಆಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ.

ನವೆಂಬರ್ 30, ಬುಧವಾರ

ತಪ್ಪು ಮಾಡಿದೆ. ತಪ್ಪಲ್ಲ, ಅಪರಾಧ. ತನಿಖೆಯಲ್ಲಿರುವವರಿಗೆ ವಿಷಯ ತಿಳಿಸಬಾರದು ಎಂದು ಹೊಸಬರಿಗೆ ಪಾಠ ಹೇಳುವವಳು ನಾನೇ. ಮಧ್ಯಾಹ್ನ ಬೋರ್ಗೊ ಪಿಯೊ ಬೀದಿಯ ಕಾರಂಜಿಯ ಹತ್ತಿರ ಮೊನ್ಸಿನ್ಯೋರರನ್ನು ತಡೆದು ನಿಲ್ಲಿಸಿದೆ.

"ಡಾನ್ ಸವೇರಿಯೊ ಸಮಾಧಿ ನೋಡ್ಕೊಂಡು ಬಂದೆ ಮೊನ್ಸಿನ್ಯೋರ್."

ಅವರು ಬೆಚ್ಚಲಿಲ್ಲ. ಬೆಂಚಿನ ಮೇಲೆ ಕೂತರು. "ಹೂವು ಚೆನ್ನಾಗಿತ್ತಾ?"

"ಕಳ್ಳರು ಕೂಡ ಹದಿನಾಲ್ಕು ಹೆಸರಲ್ಲಿ ಹಂಚ್ತಾರೆ. ನೀವ್ಯಾಕೆ ಎಲ್ಲಾನೂ ಒಬ್ಬರ ಹೆಸರಲ್ಲೇ ಬರೆದ್ರಿ? ಪೂಜೆಗೆ ಗಂಟೆ ಹೊಡೆಯೋ ಹುಡುಗನಿಗೂ ಗೊತ್ತಾಗುತ್ತೆ."

"ಸಾಯೋ ಮುಂಚೆ ಸವೇರಿಯೊ ತನ್ನ ಹೆಸರು ಬಳಸ್ಕೋ ಅಂದಿದ್ದ. ಬೇರೆಯವರು ಯಾರೂ ಹೇಳಿರ್ಲಿಲ್ಲ. ಅವರನ್ನ ಕೇಳದೆ ಅವರ ಹೆಸರಲ್ಲಿ ಸುಳ್ಳು ಬರೆಯೋಕಾಗುತ್ತಾ ಮಗಳೇ?"

ಇಂಥ ಧರ್ಮಸೂಕ್ಷ್ಮಕ್ಕೆ ಏನು ಹೇಳುವುದು. ನಗು ಬಂತು, ಅಳುವೂ ಬಂತು.

"ನಾನು ದಿನಾ ಬೆಳಿಗ್ಗೆ ಪೂಜೆಯಲ್ಲಿ ಆ ಹದಿನಾಲ್ಕು ಹೆಸರೂ ಹೇಳ್ತೀನಿ," ಅಂದರು. "ಒಂದೂ ಬಿಡಲ್ಲ. ದೇವರಿಗೆ ಲೆಕ್ಕ ಕೂಡೋದು ಬರುತ್ತೆ. ಸತ್ತವರು ಸ್ವಲ್ಪ ಕಾಯಬಹುದು, ಸಬೀನಾ. ಒದ್ದೆ ಹಾಸಿಗೆಲಿ ಮಲಗಿರೋ ಮುದುಕಿ ಕಾಯೋಕಾಗಲ್ಲ. ಕೆಲಸಗಾರರ ಹೆಂಡತಿಯರಿಗೆ ಯಾರೂ ಏನೂ ಕೊಡಲ್ಲ ಇಲ್ಲಿ. ನಾನು ಎಲ್ಲ ಬಾಗಿಲೂ ತಟ್ಟಿದೀನಿ."

"ಮೂವತ್ತು ಅಂದ್ರೆ ಮೂವತ್ತು ಮೊನ್ಸಿನ್ಯೋರ್. ನಮ್ಮಪ್ಪನಿಗೆ ನೀವೇ ಹೇಳಿಕೊಟ್ಟಿದ್ದು. ಅವನು ಎರಡು ವರ್ಷದಿಂದ ಎಲ್ಲಿ ಕಾಯ್ತಿದಾನೆ?"

ಅವರು ಜೇಬಿನಿಂದ ಪೆಪ್ಪರಮೆಂಟು ತೆಗೆದು ಕೊಟ್ಟರು. ಅಭ್ಯಾಸಬಲ. ತಗೊಂಡೆ. ನನ್ನದೂ ಅಭ್ಯಾಸವೇ.

"ನಿನ್ನ ಕೆಲಸ ನೀನು ಮಾಡು," ಅಂದರು ಏಳುವಾಗ. "ಆದ್ರೆ ಆ ಆರು ಜನ ಎಲ್ಲಿಗೆ ಹೋಗ್ತಾರೆ ಅಂತಾನೂ ಬರಿ."

ಡಿಸೆಂಬರ್ 2, ಶುಕ್ರವಾರ

ಲಿವಿಯೊ ಬಾಗಿಲು ಹಾಕಿ ಕೂತ.

"ಸಬೀನಾ, ನಿಮ್ಮ ತಾಯಿ ಎಲ್ಲಿರೋದು?"

"ಯಾಕೆ?"

"ಬ್ಯಾಂಕಿನ ಕಾಗದ ನಾನೂ ತರಿಸ್ಕೊಂಡೆ. ನೀವು ಸಹಿ ಯಾರದು ಅಂತ ಇನ್ನೂ ನೋಡ್ಬೇಕು ಅಂದಿದ್ರಿ. ಇಪ್ಪತ್ತೈದು ದಿನ ಆಯ್ತು. ಆಮೇಲೆ ಆ ಮನುಷ್ಯ ಹೋಗೋ ಕಡೆಯೆಲ್ಲ ವಿಚಾರಿಸಿದೆ. ಆ ಮುದುಕರ ಮನೆಯಲ್ಲಿ ವಾಸವಾಗಿರೋರ ಪಟ್ಟಿ ನೋಡಿದೆ. ಅದರಲ್ಲಿ ಒಬ್ಬರು ಚೆಕ್ಕಾರೆಲ್ಲಿ. ನಿಮ್ಮ ಮನೆತನದ ಹೆಸರು ರೋಮಿನಲ್ಲಿ ಬಹಳ ಇದೆ, ಬೇರೆ ಯಾರೋ ಇರ್ಬೇಕು ಅಂದ್ಕೊಂಡೆ. ಬೇರೆಯವರಲ್ಲ, ಅಲ್ವಾ?"

ಅಲ್ಲ, ಅಮ್ಮನೇ ಅಂದೆ.

"ಮೊದಲಿಂದಲೂ ಗೊತ್ತಿತ್ತಾ?"

ಗೊತ್ತಿರಲಿಲ್ಲ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೊಂದು ವರ್ಷದಿಂದ ನಾನು ಬೇರೆಯವರನ್ನು ನೋಡಿದ್ದು ಹಾಗೆಯೇ. ನಿಜ ಹೇಳುವವರ ಮುಖವೂ ಸುಳ್ಳು ಹೇಳುವವರ ಮುಖವೂ ಒಂದೇ ಥರ ಇರುತ್ತದೆ ಎಂದು ನಾನೇ ಅವನಿಗೆ ಕಲಿಸಿದ್ದು.

"ಬುಧವಾರದವರೆಗೆ ನಾನು ಏನೂ ನೋಡಿಲ್ಲ," ಅಂದ. "ಗುರುವಾರ ಹಬ್ಬದ ರಜೆ. ಶುಕ್ರವಾರ ನಿಮ್ಮ ವರದಿ ಮೇಡಂ ಮೇಜಿನ ಮೇಲೆ ಇರ್ಬೇಕು. ಇಲ್ಲಾಂದ್ರೆ ನನ್ನದು ಇರುತ್ತೆ. ಅದರಲ್ಲಿ ನಿಮ್ಮ ಹೆಸರೂ ಇರುತ್ತೆ."

ಮಿಲಾನಿನವನಿಂದ ಇಷ್ಟು ದಯೆ ನಿರೀಕ್ಷಿಸಿರಲಿಲ್ಲ. ಇದರ ಹಿಂದೆ ಏನಿದೆಯೋ ಎಂದು ಬಸ್ಸಿನಲ್ಲಿ ಪೂರ್ತಿ ಯೋಚಿಸಿದೆ. ಏನೂ ಇರಲಿಕ್ಕಿಲ್ಲ. ನನ್ನ ತಲೆಯೇ ಕೆಟ್ಟಿದೆ.

ಡಿಸೆಂಬರ್ 4, ಭಾನುವಾರ

ಅಮ್ಮನಿಗೆ ಹೇಳಿದೆ. ಹೇಳಬಾರದು ಎಂದುಕೊಂಡೇ ಹೋಗಿದ್ದೆ. ಆಕೆ ಮಲಗಿದ್ದಳು. ಅಪ್ಪನ ಬಗ್ಗೆ ಮೊದಲು ಹೇಳಿದೆ, ದುಡ್ಡಿನ ಬಗ್ಗೆ ಆಮೇಲೆ.

"ಮೂವತ್ತೂ ಹೇಳಿಸಿಲ್ವಾ?"

"ಇಲ್ಲಮ್ಮ."

"ಒಂದೂ?"

"ಹೆಸರು ಹೇಳ್ತಾ ಇದ್ರಂತೆ. ಬೇರೆಯವರ ಜೊತೆ ಸೇರಿಸಿ."

ಅಮ್ಮ ಛಾವಣಿ ನೋಡಿದಳು. "ಗುಂಪಲ್ಲಿ," ಅಂದಳು. "ನಿಮ್ಮಪ್ಪನಿಗೆ ಗುಂಪು ಅಂದ್ರೆ ಆಗ್ತಿರ್ಲಿಲ್ಲ." ಹಾಸಿಗೆಯನ್ನು ಕೈಯಿಂದ ತಟ್ಟಿ, "ಈ ಹಾಸಿಗೆ ಅದೇ ದುಡ್ಡಿಂದಾ?"

ಸುಳ್ಳು ಹೇಳಬಹುದಿತ್ತು. ಅಭ್ಯಾಸವಾಗಿದೆಯಲ್ಲ ಈಗ. ಹೇಳಲಿಲ್ಲ.

"ಕೈ ಕೊಡು," ಅಂದಳು. ಎಬ್ಬಿಸಿದೆ. ಕಿಟಕಿಯ ಹತ್ತಿರದ ಕುರ್ಚಿಯವರೆಗೆ ಒಂಬತ್ತು ಹೆಜ್ಜೆ. ಅಲ್ಲಿ ಕೂತಳು. ಊಟಕ್ಕೆ ಕರೆದರೂ ಅಲ್ಲೇ. ಸಿಸ್ಟರ್ ಬಂದು ಬೈದರೂ ಅಲ್ಲೇ. ನಾನು ಹೊರಡುವವರೆಗೂ ಹಾಸಿಗೆಗೆ ಹೋಗಲಿಲ್ಲ.

"ಡಾನ್ ಗಾಸ್ಪಾರೆನ ಬೈಬೇಡ," ಅಂದಳು ಕೊನೆಗೆ. "ಒಳ್ಳೇವನು. ಆದ್ರೆ ಬರಿ."

"ಬರೆದ್ರೆ ನೀನು ಎಲ್ಲಿಗೆ ಹೋಗ್ತೀಯ?"

"ನಿನ್ನ ಮನೆಯಲ್ಲಿ ಕುರ್ಚಿ ಇಲ್ವಾ?"

ಇದೆ. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಉಳಿದ ಐದು ಜನಕ್ಕೆ ಅದೂ ಇಲ್ಲ.

ಡಿಸೆಂಬರ್ 5, ಸೋಮವಾರ

ಮನೆ ಹತ್ತಿರದ ಚರ್ಚಿನಲ್ಲಿ ಕಾಂಗೋದಿಂದ ಓದಲು ಬಂದ ಒಬ್ಬ ಪಾದ್ರಿ ಇದ್ದಾರೆ, ಫಾದರ್ ದ್ಯುದೊನೆ. ಅಪ್ಪನ ಮೂವತ್ತು ಹೇಳುತ್ತೀರಾ ಎಂದು ಕೇಳಿದೆ. ನಡುವೆ ತಪ್ಪಬಾರದು, ಬೇರೆ ಹೆಸರು ಸೇರಬಾರದು ಅಂದೆ. ದಿನಾ ಬಂದು ಕೂರುತ್ತೇನೆ ಎಂದೂ ಹೇಳಿದೆ.

"ನನ್ನ ಮೇಲೆ ನಂಬಿಕೆ ಇಲ್ವಾ?" ನಕ್ಕರು.

"ಯಾರ ಮೇಲೂ ಇಲ್ಲ ಫಾದರ್. ಬೇಜಾರು ಮಾಡ್ಕೋಬೇಡಿ."

ಬೆಳಿಗ್ಗೆ ಏಳು ಗಂಟೆ. ನಾನು, ಇಬ್ಬರು ಮುದುಕಿಯರು. ಓರೆಸ್ತೆ ಎಂದು ಒಂದೇ ಹೆಸರು ಕೇಳಿಸಿತು. ಒಂದು.

ಡಿಸೆಂಬರ್ 6, ಮಂಗಳವಾರ

ಎರಡು.

ತಿಂಗಳ ಮೊದಲ ಮಂಗಳವಾರ. ಬ್ಯಾಂಕಿಗೆ ಫೋನ್ ಮಾಡಿ ಕೇಳಿದೆ. ಮೊನ್ಸಿನ್ಯೋರ್ ಬಂದಿದ್ದರು. ನಗದು ತೆಗೆಯಲಿಲ್ಲ. ಖಾತೆದಾರರು ತೀರಿಕೊಂಡಿದ್ದಾರೆ ಎಂದು ತಾವೇ ಬರೆದುಕೊಟ್ಟು ಹೋದರಂತೆ.

ಸಿಸ್ಟರ್ ಜೆನೊವೆಫಾ ಮಧ್ಯಾಹ್ನ ಫೋನ್ ಮಾಡಿದರು. ಲಕೋಟೆ ಬಂದಿಲ್ಲ, ಪೆಪ್ಪರಮೆಂಟು ಮಾತ್ರ ಬಂದಿದೆ. ಜನವರಿಯವರೆಗೆ ಇಟ್ಟುಕೊಳ್ಳುತ್ತೇನೆ, ಆಮೇಲೆ ದೇವರೇ ಗತಿ ಎಂದರು. ಅಮ್ಮ ರಾತ್ರಿಯೂ ಕುರ್ಚಿಯಲ್ಲೇ ನಿದ್ದೆ ಮಾಡುತ್ತಾಳಂತೆ. ಕಾಲು ಬಾತಿದೆ.

ಡಿಸೆಂಬರ್ 7, ಬುಧವಾರ, ಸಂಜೆ ನಾಲ್ಕು

ಮೂರು.

ಆಫೀಸಿನಲ್ಲಿ ಎಲ್ಲರೂ ಹಬ್ಬಕ್ಕೆ ಬೇಗ ಹೋದರು. ಲಿವಿಯೊ ಹೋಗುವಾಗ ನನ್ನ ಮೇಜಿನ ಮೇಲೆ ಒಂದು ಕಾಫಿ ಇಟ್ಟು ಹೋದ. ಸಕ್ಕರೆ ಹಾಕಿರಲಿಲ್ಲ. ನಾನು ಸಕ್ಕರೆ ಹಾಕುವುದಿಲ್ಲ ಎಂದು ಅವನಿಗೆ ಹೇಗೆ ಗೊತ್ತು. ಅವನೂ ನೋಡುತ್ತಿರುತ್ತಾನೆ, ನನ್ನ ಹಾಗೆಯೇ.

ವರದಿ ಮುಗಿಯುತ್ತ ಬಂತು. ಹನ್ನೊಂದು ಪುಟ. ಹದಿನಾಲ್ಕು ಮೂವತ್ತರ ಲೆಕ್ಕ, ಸಮಾಧಿಯ ಫೋಟೋ, ಮೊನ್ಸಿನ್ಯೋರ್ ಒಂದು ಯೂರೋ ಕೂಡ ಇಟ್ಟುಕೊಂಡಿಲ್ಲ ಎಂಬುದು ದಪ್ಪ ಅಕ್ಷರದಲ್ಲಿ. ಅವರಿಗೆ ನಾನೇ ವಿಷಯ ತಿಳಿಸಿದೆ ಎಂಬುದೂ ಇದೆ. ಅವರು ಕೇಳಿದಂತೆ ಆರು ಜನ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಒಂದು ಪುಟ. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ. ಬೇರೆ ಹಾಳೆ ಅಂಟಿಸಿದ್ದೇನೆ.

ಉಳಿದಿರುವುದು ಕೊನೆಯ ಕಾಲಂ. "ಈ ಹಣದಿಂದ ಲಾಭ ಪಡೆದವರು." ಸಾವಿರಾರು ಸಲ ಬೇರೆಯವರ ಹೆಸರು ತುಂಬಿಸಿದ ಕಾಲಂ. ಬೆಳಿಗ್ಗೆ ಅಮ್ಮನ ಹೆಸರು ಬರೆದೆ, ಅಳಿಸಿದೆ. ಹಾಸಿಗೆಯಲ್ಲಿ ಮಲಗಿದ್ದು ಅಮ್ಮ. ತಿಂಗಳಿಗೆ ಸಾವಿರ ಉಳಿದದ್ದು ಅಮ್ಮನಿಗಲ್ಲ, ನನಗೆ. ಎರಡು ವರ್ಷ, ಇಪ್ಪತ್ತನಾಲ್ಕು ಸಾವಿರ. ಕೇಳದೆ ಇದ್ದದ್ದಕ್ಕೆ ಸಿಕ್ಕಿದ ಕೂಲಿ.

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಕೈ ಒಪ್ಪುತ್ತದೋ ಇಲ್ಲವೋ.

ಲಾಭ ಪಡೆದವರು, ಒಂದನೆಯ ಹೆಸರು: ಚೆಕ್ಕಾರೆಲ್ಲಿ, ಸಬೀನಾ.